ಕೂಗದ ದಿನಗಳ ಖರ್ಚು

ಟೆಕ್ಸಾಸ್ ರಾಜ್ಯದ ಗ್ವಾಡಲೂಪ್ ನದಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹರಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳು ಇಳಿದು ಆಡುವಷ್ಟು ಸೌಮ್ಯವಾದ ಹೊಳೆ. ಆದರೆ ಅಲ್ಲಿನ ನೆಲ ನೀರು ಹೀರುವುದು ಕಡಿಮೆ. ಮೇಲೆಲ್ಲೋ ಮಳೆ ಜಡಿದರೆ ಗುಡ್ಡಗಳಿಂದ ಇಳಿದ ನೀರೆಲ್ಲ ಒಮ್ಮೆಗೇ ಹೊಳೆ ಸೇರುತ್ತದೆ. 2025ರ ಜುಲೈ 4ರ ನಸುಕಿನಲ್ಲಿ ಆದದ್ದೂ ಇದೇ. ಮುಕ್ಕಾಲು ಗಂಟೆಯಲ್ಲಿ ನದಿ ಸುಮಾರು 26 ಅಡಿ ಏರಿತು. ಕೆರ್ ಎಂಬ ಒಂದೇ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೇಸಿಗೆ ಶಿಬಿರಕ್ಕೆಂದು ಬಂದು ನದಿ ದಡದಲ್ಲಿ ಮಲಗಿದ್ದ ಪುಟ್ಟ ಹೆಣ್ಣುಮಕ್ಕಳು ಅವರಲ್ಲಿ ಸೇರಿದ್ದರು. ಆ ಕತ್ತಲಲ್ಲಿ ದಡದ ಜನರನ್ನು ಎಬ್ಬಿಸಲು ಕೌಂಟಿಯ ಸೈರನ್ ವ್ಯವಸ್ಥೆ ಇರಲಿಲ್ಲ.

ಅದೇ ನದಿಯ ಕೆಳಹರಿವಿನಲ್ಲಿ, ಪಕ್ಕದ ಕೆಂಡಲ್ ಕೌಂಟಿಯಲ್ಲಿ, ಕಂಫರ್ಟ್ ಎಂಬ ಊರಿದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ತನ್ನದೇ ಪುರಸಭೆ ಕೂಡ ಇಲ್ಲದ ಊರು ಅದು. ಅಲ್ಲಿ ಎರಡು ಸೈರನ್‌ಗಳಿದ್ದವು. ಪ್ರವಾಹದ ದಿನ ಅವು ಕೂಗಿದವು, ಜನ ದಡ ಬಿಟ್ಟು ಮೇಲೆ ಹೋದರು, ಆ ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ನೀರು ಅಲ್ಲಿಗೆ ಬರುವಷ್ಟರಲ್ಲಿ ಬೆಳಕಾಗಿತ್ತು, ಮೇಲ್ದಂಡೆಯ ಸುದ್ದಿಯೂ ತಲುಪಿತ್ತು. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಸೈರನ್‌ಗೇ ಕೊಡಲಾಗದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಐವತ್ತು ಸಾವಿರಕ್ಕೂ ಮಿಕ್ಕಿ ಜನರಿರುವ ಕೌಂಟಿಗೆ ಆಗದಿದ್ದ ಕೆಲಸ ಎರಡು ಸಾವಿರ ಜನರ ಊರಿಗೆ ಹೇಗೆ ಆಯಿತು?

ಉತ್ತರ ಹುಡುಕಲು ಈ ಯಂತ್ರದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಯಂತ್ರದ ಚರಿತ್ರೆ ಎನ್ನುವುದಕ್ಕಿಂತ ಅದರ ಖರ್ಚಿನ ಚರಿತ್ರೆ ಎಂದರೂ ಸರಿಯೇ.

ಗಂಟೆಯಿಂದ ಸೈರನ್‌ಗೆ

ಸೈರನ್ ಎಂಬ ಹೆಸರು ಗ್ರೀಕ್ ಪುರಾಣದ್ದು. ಸಮುದ್ರದ ನಡುಗಡ್ಡೆಯಲ್ಲಿ ಕುಳಿತು, ಮಧುರವಾಗಿ ಹಾಡಿ, ನಾವಿಕರನ್ನು ಸಾವಿಗೆ ಸೆಳೆಯುತ್ತಿದ್ದ ಮಾಯಾವಿನಿಯರು ಸೈರನ್‌ಗಳು. 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲ ತೂರ್ ಎಂಬ ವಿಜ್ಞಾನಿ, ತೂತುಗಳಿರುವ ಬಿಲ್ಲೆಯೊಂದನ್ನು ಗಾಳಿಯ ರಭಸದಿಂದ ತಿರುಗಿಸಿ ನಾದ ಹುಟ್ಟಿಸುವ ಉಪಕರಣವನ್ನು ರೂಪಿಸಿದ. ನೀರಿನೊಳಗೂ ಅದು ಹಾಡಬಲ್ಲುದಾಗಿದ್ದರಿಂದ ಅದಕ್ಕೆ ಆ ಹೆಸರಿಟ್ಟ. ನಾದದ ಕಂಪನಗಳನ್ನು ಎಣಿಸುವುದು ಅವನ ಉದ್ದೇಶ, ಜನರನ್ನು ಎಚ್ಚರಿಸುವುದಲ್ಲ. ಸಾವಿನತ್ತ ಕರೆಯುತ್ತಿದ್ದವರ ಹೆಸರು ಸಾವಿನಿಂದ ದೂರ ಓಡಿಸುವ ಯಂತ್ರಕ್ಕೆ ಅಂಟಿಕೊಂಡಿದ್ದು ಚರಿತ್ರೆಯ ತಮಾಷೆಗಳಲ್ಲಿ ಒಂದು.

ಅಮೆರಿಕದ ಸಣ್ಣ ಊರುಗಳಲ್ಲಿ ಅದಕ್ಕೂ ಮೊದಲಿನಿಂದ ಎಚ್ಚರಿಕೆಯ ಕೆಲಸ ಮಾಡುತ್ತಿದ್ದುದು ಚರ್ಚಿನ ಗಂಟೆ. ರೈಲು ಬಂದ ಮೇಲೆ ಹಳೆಯ ಎಂಜಿನ್ ಚಕ್ರದ ಉಕ್ಕಿನ ಬಳೆಯನ್ನು ಕಂಬಕ್ಕೆ ನೇತುಹಾಕಿ ಸುತ್ತಿಗೆಯಿಂದ ಬಾರಿಸುವ ಪದ್ಧತಿಯೂ ಕೆಲವು ಊರುಗಳಲ್ಲಿ ಬಂತು. ಬೆಂಕಿ ಬಿದ್ದಾಗ ನಂದಿಸಲು ಓಡುತ್ತಿದ್ದವರು ಊರವರೇ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯದಲ್ಲಿ ಸ್ವಯಂಸೇವಕ ಅಗ್ನಿಶಾಮಕ ದಳವೊಂದನ್ನು ಕಟ್ಟಿದ. ಆ ಮಾದರಿ ಇಂದಿಗೂ ಅಮೆರಿಕದ ಹಳ್ಳಿಗಾಡಿನಲ್ಲಿ ಜೀವಂತವಾಗಿದೆ. ಹೊಲದಲ್ಲಿ, ಅಂಗಡಿಯಲ್ಲಿ ಚೆದುರಿರುವ ಸ್ವಯಂಸೇವಕರನ್ನು ಕೂಡಿಸಲು ದೂರ ಕೇಳುವ ಸದ್ದು ಬೇಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ವಿದ್ಯುತ್ ಸೈರನ್ ಊರಿನ ಅಗ್ನಿಶಾಮಕ ಠಾಣೆಯ ಮಾಡನ್ನೇರಿದ್ದು ಹೀಗೆ. ಅದಕ್ಕೆ ಹಣ ಕೂಡುತ್ತಿದ್ದುದು ಊರೂಟ, ಮೀನೂಟ, ಲಾಟರಿ ಚೀಟಿ, ಮನೆಮನೆಯ ವಂತಿಗೆಯಿಂದ. ತಾವೇ ಕೊಂಡ ವಸ್ತುವಾದ್ದರಿಂದ ಎಣ್ಣೆ ಹಾಕುವವರೂ ತಾವೇ.

ಯುದ್ಧ ತಂದ ಹಣ

ಸೈರನ್ ಎಂದರೆ ಭಯ ಎಂಬ ಅರ್ಥ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಏರುತ್ತ ಇಳಿಯುತ್ತ ಕೂಗುತ್ತಿದ್ದ ಸದ್ದು ಒಂದು ತಲೆಮಾರಿನ ಕಿವಿಯಲ್ಲಿ ಉಳಿಯಿತು. ಯುದ್ಧ ಮುಗಿಯಿತು, ಅಣುಬಾಂಬಿನ ಹೆದರಿಕೆ ಶುರುವಾಯಿತು. 1951ರ ಜನವರಿಯಲ್ಲಿ ಅಧ್ಯಕ್ಷ ಟ್ರೂಮನ್ ಪೌರ ರಕ್ಷಣಾ ಕಾಯಿದೆಗೆ ಸಹಿ ಹಾಕಿದರು. ಪೌರ ರಕ್ಷಣೆಯ ಸಾಮಗ್ರಿಗೆ ರಾಜ್ಯ ಮತ್ತು ಊರುಗಳು ಅರ್ಧ ಹಣ ಹಾಕಿದರೆ ಉಳಿದರ್ಧವನ್ನು ಕೇಂದ್ರ ಕೊಡುವ ಏರ್ಪಾಡು ಆ ಕಾಯಿದೆಯಲ್ಲಿತ್ತು. ಸೈರನ್ ಕಂಪನಿಗಳಿಗೆ ಸುಗ್ಗಿಯ ಕಾಲ ಅದು. ಮೋಟಾರು ತಯಾರಿಸುವ ಕ್ರೈಸ್ಲರ್ ಕಂಪನಿ 180 ಅಶ್ವಶಕ್ತಿಯ ಎಂಜಿನ್ ಕೂಡಿಸಿ ದೈತ್ಯ ಸೈರನ್ನೊಂದನ್ನೇ ಕಟ್ಟಿತು. ನೂರು ಅಡಿ ದೂರದಲ್ಲಿ ಅದರ ಸದ್ದು 138 ಡೆಸಿಬೆಲ್, ಕಿವಿ ಕೆಡಿಸುವಷ್ಟು. ಶಿಕಾಗೋದ ಫೆಡರಲ್ ಕಂಪನಿಯ ‘ಥಂಡರ್‌ಬೋಲ್ಟ್’ 1952ರ ಹೊತ್ತಿಗೆ ಮಾರುಕಟ್ಟೆಗೆ ಬಂದು ದೇಶದ ತುಂಬ ಹರಡಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಾಡಿನ ಮೇಲಿನ ಹಳೆಯ ಸೈರನ್ ಊರಿನ ನಿತ್ಯದ ಅಗತ್ಯಕ್ಕೆ ಬಂದದ್ದು. ಕಂಬದ ಮೇಲಿನ ಹೊಸ ಸೈರನ್ ದೂರದ ರಾಜಧಾನಿಯ ಭಯಕ್ಕೆ ಬಂದದ್ದು. ಎಲ್ಲಿಯವರೆಗೆ ಆ ಭಯವಿತ್ತೋ ಅಲ್ಲಿಯವರೆಗೆ ಹಣವೂ ಹರಿಯಿತು. ಸೋವಿಯತ್ ಒಕ್ಕೂಟ ಒಡೆದು ಶೀತಲ ಸಮರ ಮುಗಿದ ಮೇಲೆ, 1994ರಲ್ಲಿ, ಆ ಕಾಯಿದೆಯನ್ನೇ ರದ್ದುಪಡಿಸಲಾಯಿತು. ಭಯ ಹೋಯಿತು, ಕಂಬಗಳು ಉಳಿದವು.

ಸುಂಟರಗಾಳಿಗೆ ಹೊಸ ಕೆಲಸ

ಅಷ್ಟರಲ್ಲಿ ಆ ಕಂಬಗಳಿಗೆ ಬೇರೊಂದು ಕೆಲಸ ಸಿಕ್ಕಿತ್ತು. ಅಮೆರಿಕದ ನಡುನಾಡಿನ ಬಯಲಿನಲ್ಲಿ ವಸಂತ ಬಂತೆಂದರೆ ಟಾರ್ನೆಡೊ ಎಂಬ ಭೀಕರ ಸುಂಟರಗಾಳಿಗಳ ಕಾಲ. ಜನ ಗಾಬರಿಯಾದಾರೆಂದು ಅಲ್ಲಿನ ಹವಾಮಾನ ಇಲಾಖೆ ಮುನ್ಸೂಚನೆಯಲ್ಲಿ ಆ ಪದ ಬಳಸಲು ದಶಕಗಳ ಕಾಲ ಹಿಂಜರಿದಿತ್ತು. 1948ರ ಮಾರ್ಚ್ 25ರಂದು ಓಕ್ಲಹಾಮದ ಟಿಂಕರ್ ವಾಯುನೆಲೆಯಲ್ಲಿ ಫಾಬುಶ್ ಮತ್ತು ಮಿಲ್ಲರ್ ಎಂಬ ಇಬ್ಬರು ಸೇನಾ ಹವಾಮಾನ ತಜ್ಞರು ಸುಂಟರಗಾಳಿಯ ಮುನ್ಸೂಚನೆ ಕೊಟ್ಟರು, ಅದು ನಿಜವಾಯಿತು. ಅಲ್ಲಿಂದ ಮುಂದೆ ಮುನ್ಸೂಚನೆ ಸಾಧ್ಯವೆಂದಾಯಿತು. ಆದರೆ ಮುನ್ಸೂಚನೆ ಇದ್ದರಷ್ಟೇ ಸಾಲದು, ಅದು ಮಲಗಿದವನ ಕಿವಿಗೆ ಬೀಳಬೇಕು. 1955ರ ಮೇ 25ರ ರಾತ್ರಿ ಕನ್ಸಾಸ್‌ನ ಯೂಡಾಲ್ ಎಂಬ ಹಳ್ಳಿಗೆ ಸುಂಟರಗಾಳಿ ಅಪ್ಪಳಿಸಿದಾಗ ಊರು ಮಲಗುವ ಹೊತ್ತು. ಕೆಲವೇ ನೂರು ಜನರಿದ್ದ ಊರಿನಲ್ಲಿ ಸುಮಾರು 80 ಮಂದಿ ಸತ್ತರು.

1965ರ ಮೇ 6ರಂದು ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸುತ್ತ ಒಂದೇ ಸಂಜೆ ಹಲವು ಸುಂಟರಗಾಳಿಗಳೆದ್ದವು. ಬಾಂಬಿಗೆಂದು ನಿಲ್ಲಿಸಿದ್ದ ಸೈರನ್‌ಗಳನ್ನು ಅಲ್ಲಿ ಮೊದಲ ಬಾರಿಗೆ ಗಾಳಿಗೆಂದು ಕೂಗಿಸಲಾಯಿತು. ನೂರಾರು ಮನೆಗಳು ನೆಲಸಮವಾದರೂ ಸತ್ತವರು 13. ಇದಕ್ಕೆ ವ್ಯತಿರಿಕ್ತವಾದ ಪಾಠ 1974ರ ಏಪ್ರಿಲ್ 3ರಂದು ಓಹಾಯೊದ ಝೀನಿಯ ಪಟ್ಟಣದಿಂದ ಬಂತು. ಅಲ್ಲಿ ಸೈರನ್ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಪಟ್ಟಣ ಸೈರನ್‌ಗಳನ್ನು ಹಾಕಿಸಿಕೊಂಡಿತು. ಊರು ಉರುಳಿದ ಮೇಲೆ ಕಂಬ ಏಳುವುದು ಈ ಚರಿತ್ರೆಯ ಉದ್ದಕ್ಕೂ ಕಾಣುವ ಕ್ರಮ. 2007ರ ಮೇ 4ರ ರಾತ್ರಿ ಕನ್ಸಾಸ್‌ನ ಗ್ರೀನ್ಸ್‌ಬರ್ಗ್ ಊರಿನ ಶೇ. 95ರಷ್ಟು ಕಟ್ಟಡಗಳು ನಾಶವಾದವು. ಸುಮಾರು 1,400 ಜನರ ಆ ಊರಿನಲ್ಲಿ ಸತ್ತವರು ಹನ್ನೊಂದು ಮಂದಿ. ಗಾಳಿ ಬರುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಅಲ್ಲಿ ಸೈರನ್ ಕೂಗಿ, ಜನ ನೆಲಮಾಳಿಗೆ ಸೇರಿದ್ದರು. ಯೂಡಾಲ್ ಮತ್ತು ಗ್ರೀನ್ಸ್‌ಬರ್ಗ್ ಎರಡೂ ಕನ್ಸಾಸ್‌ನ ಸಣ್ಣ ಊರುಗಳೇ, ಎರಡೂ ಕಡೆ ಹೊತ್ತು ರಾತ್ರಿಯೇ. ನಡುವಿನ ಅರ್ಧ ಶತಮಾನದಲ್ಲಿ ರೇಡಾರು ಬಂದಿತ್ತು, ಟೀವಿ ಬಂದಿತ್ತು. ಮಲಗುವ ಹೊತ್ತಿನಲ್ಲಿ ಊರನ್ನೆಲ್ಲ ಒಟ್ಟಿಗೆ ಎಬ್ಬಿಸಲು ಕಂಬವೂ ಇತ್ತು.

ಕಂಬದ ಮೇಲಿನ ಲೆಕ್ಕ

ಕಂಬ ನಿಲ್ಲಿಸುವ ದಿನ ಫೋಟೋ ತೆಗೆಯುತ್ತಾರೆ, ಭಾಷಣವೂ ಇರುತ್ತದೆ. ಆಮೇಲಿನ ಲೆಕ್ಕ ಯಾರಿಗೂ ಕಾಣುವುದಿಲ್ಲ. ಅಮೆರಿಕದಲ್ಲಿ ಇಂದು ಒಂದು ಸೈರನ್ ಕೊಂಡು, ಕಂಬ ನೆಟ್ಟು, ವಿದ್ಯುತ್ ಎಳೆಯಲು 20,000 ಡಾಲರ್‌ಗೂ ಹೆಚ್ಚು ಬೇಕು. ಒಂದು ಸೈರನ್ನಿನ ಸದ್ದು ಬಯಲಿನಲ್ಲಿ ಚೆನ್ನಾಗಿ ಕೇಳುವುದು ಸುಮಾರು ಒಂದು ಮೈಲಿ ಸುತ್ತಳತೆಯಲ್ಲಿ. ಗುಡ್ಡ ಅಡ್ಡ ಬಂದರೆ ಇನ್ನೂ ಕಡಿಮೆ. ಹಾಗಾಗಿ ಚೆದುರಿದ ಜನವಸತಿಗೆ ತಲೆಗೆ ಬೀಳುವ ಖರ್ಚು ನಗರಕ್ಕಿಂತ ಎಷ್ಟೋ ಹೆಚ್ಚು. ಜನ ಕಡಿಮೆಯಿರುವ ಕಡೆ ತೆರಿಗೆಯೂ ಕಡಿಮೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ದುರಸ್ತಿ. ಸೈರನ್ ಎಂದರೆ ಮೂಲತಃ ಸೀಳುಗಳಿರುವ ಒಂದು ಚಕ್ರ, ಅದನ್ನು ತಿರುಗಿಸುವ ಒಂದು ಮೋಟಾರು. ಮಳೆ, ಬಿಸಿಲು, ಹಿಮದಲ್ಲಿ ಅದು ವರ್ಷಗಟ್ಟಲೆ ನಿಂತಿರುತ್ತದೆ. ಬೇರಿಂಗ್ ಒಣಗುತ್ತದೆ, ಬಾಯಿಯೊಳಗೆ ಹಕ್ಕಿ ಗೂಡು ಕಟ್ಟುತ್ತದೆ, ಸಿಡಿಲು ಹೊಡೆಯುತ್ತದೆ, ಮರದ ಕಂಬ ಬುಡದಲ್ಲಿ ಕೊಳೆಯುತ್ತದೆ. ಹಳೆಯ ಸೈರನ್‌ಗಳು ನೇರ ವಿದ್ಯುತ್ತಿನಿಂದ ನಡೆಯುತ್ತಿದ್ದವು. ಬಿರುಗಾಳಿ ಬಂದಾಗ ಮೊದಲು ಹೋಗುವುದೇ ವಿದ್ಯುತ್ತು! ಅದಕ್ಕಾಗಿ ಬ್ಯಾಟರಿ ಜೋಡಿಸಿದರು. ಆ ಬ್ಯಾಟರಿಗಳ ಆಯುಷ್ಯ ಮೂರರಿಂದ ಐದು ವರ್ಷ. ದೂರದಿಂದ ರೇಡಿಯೊ ಮೂಲಕ ಕೂಗಿಸುವ ಏರ್ಪಾಡು ಬಂತು. 2013ರ ಜನವರಿಯ ಹೊತ್ತಿಗೆ ಇಂಥ ರೇಡಿಯೊಗಳೆಲ್ಲ ಕಿರಿದಾದ ತರಂಗಪಟ್ಟಿಗೆ ಬದಲಾಗಬೇಕೆಂದು ಅಲ್ಲಿನ ದೂರಸಂಪರ್ಕ ಆಯೋಗ ಕಟ್ಟುನಿಟ್ಟು ಮಾಡಿದಾಗ, ಕೂಗು ಸರಿಯಿದ್ದರೂ ಕಿವಿ ಬದಲಿಸಬೇಕಾದ ಖರ್ಚು ಊರುಗಳ ಮೇಲೆ ಬಿತ್ತು.

ಅನುದಾನಗಳಿಲ್ಲವೆಂದಲ್ಲ. ವಿಪತ್ತು ಘೋಷಣೆಯಾದ ರಾಜ್ಯಗಳಿಗೆ ಮುಂದಿನ ಅಪಾಯ ತಗ್ಗಿಸಲೆಂದು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಶೇ. 75ರವರೆಗೆ ಹಣ ಕೊಡುವ ಯೋಜನೆಯಿದೆ. ಕೃಷಿ ಇಲಾಖೆಯೂ ಸಣ್ಣ, ಬಡ ಊರುಗಳಿಗೆ ಸೈರನ್ ಕೊಳ್ಳಲು ನೆರವಾಗುತ್ತದೆ. ಆದರೆ ಈ ಹಣವೆಲ್ಲ ಕೊಳ್ಳುವುದಕ್ಕೆ. ನಿತ್ಯದ ನಿರ್ವಹಣೆ ಊರಿನ ಪಾಲು. ಸೈರನ್ ಕೂಗಿಸುವ ಅಧಿಕಾರ ಕೌಂಟಿಯದು, ಸೈರನ್ನಿನ ಒಡೆತನ ಊರಿನದು ಎಂಬ ಹಂಚಿಕೆ ಬಹಳ ಕಡೆ ಇದೆ. ಗುಂಡಿ ಒಬ್ಬರ ಕೈಯಲ್ಲಿ, ಕಂಬ ಇನ್ನೊಬ್ಬರ ತಲೆಯ ಮೇಲೆ.

ಇದಕ್ಕೆ ಅಪವಾದವೊಂದಿದೆ. 1979ರಲ್ಲಿ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡವಾದ ಮೇಲೆ, ಸ್ಥಾವರದ ಸುತ್ತ ಹತ್ತು ಮೈಲಿಯೊಳಗಿನ ಜನರನ್ನು ಬೇಗ ಎಚ್ಚರಿಸುವ ಏರ್ಪಾಡು ಇರಲೇಬೇಕೆಂಬ ನಿಯಮ ಬಂತು. ಅಲ್ಲಿ ಸೈರನ್‌ಗಳ ಖರ್ಚು ವಿದ್ಯುತ್ ಕಂಪನಿಯದು. ಪರೀಕ್ಷೆಗಳಲ್ಲಿ ಎಷ್ಟು ಕೂಗಿದವು, ಎಷ್ಟು ಕೂಗಲಿಲ್ಲ ಎಂಬ ಶೇಕಡಾವಾರು ಲೆಕ್ಕವನ್ನು ಅಣುಶಕ್ತಿ ನಿಯಂತ್ರಣ ಆಯೋಗ ವರ್ಷಗಳ ಕಾಲ ಪಡೆಯುತ್ತಿತ್ತು. ಯಂತ್ರ ಬೇರೆಯೇನಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ಇದ್ದರು, ಅಷ್ಟೆ.

ಮಧ್ಯಾಹ್ನದ ಕೂಗು

ಇಷ್ಟೆಲ್ಲ ತೊಡಕಿನ ನಡುವೆಯೂ ಸಾವಿರಾರು ಸಣ್ಣ ಊರುಗಳಲ್ಲಿ ಸೈರನ್ ಉಳಿದದ್ದು ಹೇಗೆ? ಒಂದು ಮುಖ್ಯ ಕಾರಣ, ಮಧ್ಯಾಹ್ನದ ಕೂಗು. ಅಮೆರಿಕದ ಎಷ್ಟೋ ಊರುಗಳಲ್ಲಿ ಅಗ್ನಿಶಾಮಕ ಠಾಣೆಯ ಸೈರನ್ ಹಗಲು ಹನ್ನೆರಡಕ್ಕೆ ಒಮ್ಮೆ ಕೂಗುತ್ತದೆ. ಅದು ಊಟದ ಗಂಟೆಯೂ ಹೌದು, ಯಂತ್ರದ ಪರೀಕ್ಷೆಯೂ ಹೌದು. ಒಂದು ದಿನ ಕೂಗದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ದುರಸ್ತಿಗೆ ಅರ್ಜಿ ಹಾಕಬೇಕಿಲ್ಲ. ಕೋಲಾರದ ಚಿನ್ನದ ಗಣಿ, ದಾವಣಗೆರೆ, ಹುಬ್ಬಳ್ಳಿಯ ಬಟ್ಟೆ ಗಿರಣಿಗಳ ಸುತ್ತ ಬೆಳೆದವರಿಗೆ ಇದು ಹೊಸದಲ್ಲ. ಪಾಳಿ ಬದಲಾಗುವ ಕೂಗಿಗೆ ಒಲೆ ಹಚ್ಚಿದವರು, ಗಡಿಯಾರ ಸರಿಮಾಡಿಕೊಂಡವರು ನಮ್ಮಲ್ಲೂ ಇದ್ದಾರೆ. ಜಪಾನಿನ ಊರುಗಳಲ್ಲಿ ವಿಪತ್ತಿನ ಎಚ್ಚರಿಕೆಗೆಂದು ನಿಲ್ಲಿಸಿದ ಧ್ವನಿವರ್ಧಕಗಳು ಸಂಜೆ ಮಕ್ಕಳಿಗೆ ಮನೆಗೆ ಹೋಗುವ ಹೊತ್ತನ್ನು ಹೇಳುವ ರಾಗ ನುಡಿಸುತ್ತವೆ. ಅದೂ ದಿನದಿನದ ಪರೀಕ್ಷೆಯೇ.

ಆದರೆ ಎಲ್ಲ ಕಿವಿಗೂ ಒಂದೇ ಸದ್ದು ಒಂದೇ ಅರ್ಥ ಕೊಡುವುದಿಲ್ಲ. ನೆವಾಡದ ಮಿಂಡೆನ್ ಪಟ್ಟಣದಲ್ಲಿ ಮಧ್ಯಾಹ್ನ ಮತ್ತು ಸಂಜೆ ಸೈರನ್ ಕೂಗುತ್ತಿತ್ತು. ಅಲ್ಲಿನ ಮೂಲನಿವಾಸಿಗಳು ಸಂಜೆ ಆರೂವರೆಯೊಳಗೆ ಪಟ್ಟಣ ಬಿಟ್ಟು ಹೋಗಬೇಕೆಂಬ ಕಟ್ಟಳೆ 1917ರಿಂದ 1974ರವರೆಗೆ ಪುಸ್ತಕದಲ್ಲಿತ್ತು. ವಾಶೊ ಬುಡಕಟ್ಟಿನವರಿಗೆ ಸಂಜೆಯ ಕೂಗೆಂದರೆ ಆ ಅವಮಾನದ ನೆನಪು. ಅದು ಅಗ್ನಿಶಾಮಕ ಸ್ವಯಂಸೇವಕರ ಗೌರವಕ್ಕೆ ಎಂದು ಪಟ್ಟಣ ವಾದಿಸಿತು. ಕೊನೆಗೆ 2021ರಲ್ಲಿ ಮತ್ತು 2023ರಲ್ಲಿ ರಾಜ್ಯವೇ ಕಾನೂನು ಮಾಡಬೇಕಾಯಿತು. ಎಚ್ಚರಿಕೆಯ ಸದ್ದು ಎಲ್ಲರದ್ದೂ ಆಗಿರಬೇಕಾದರೆ ಅದರ ಹಿಂದಿನ ಚರಿತ್ರೆಯೂ ಚೊಕ್ಕಟವಾಗಿರಬೇಕು.

ಸೈರನ್ ಚೆನ್ನಾಗಿದ್ದೂ ಸೋತದ್ದುಂಟು. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್‌ನಲ್ಲಿ ಸೈರನ್ ಕೂಗಿತ್ತು. ಪದೇ ಪದೇ ಕೇಳಿ ಒಗ್ಗಿಹೋಗಿದ್ದ ಅನೇಕರು ಕೂಡಲೇ ಏಳಲಿಲ್ಲ. ಸತ್ತವರು 150ಕ್ಕೂ ಹೆಚ್ಚು. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಪಟ್ಟಣ ಸುಟ್ಟುಹೋದಾಗ ಸೈರನ್‌ಗಳು ಇದ್ದೂ ಕೂಗಲಿಲ್ಲ. ಸುನಾಮಿಯೆಂದು ತಿಳಿದು ಜನ ಬೆಂಕಿಯಿದ್ದ ಗುಡ್ಡದ ಕಡೆಗೇ ಓಡಿಯಾರು ಎಂಬುದು ಅಧಿಕಾರಿಗಳ ಸಮಜಾಯಿಷಿ. ಯಾವ ಕೂಗಿಗೆ ಏನು ಮಾಡಬೇಕೆಂದು ಜನರಿಗೆ ಕಲಿಸುವುದೂ ನಿರ್ವಹಣೆಯ ಭಾಗವೇ. ಅದಕ್ಕೂ ಖರ್ಚಿದೆ.

ಒಂದೇ ಹೊಳೆ, ಎರಡು ಲೆಕ್ಕ

ಈಗ ಗ್ವಾಡಲೂಪ್‌ಗೆ ಮರಳೋಣ. ಈ ನದಿಗೆ ಮೊದಲೂ ಎಚ್ಚರಿಕೆಯ ಏರ್ಪಾಡು ಇತ್ತು! 1987ರ ಜುಲೈನಲ್ಲಿ ಶಿಬಿರದಿಂದ ಮನೆಗೆ ಹೊರಟಿದ್ದ ಮಕ್ಕಳ ವಾಹನಗಳು ಕಂಫರ್ಟ್ ಬಳಿ ಪ್ರವಾಹಕ್ಕೆ ಸಿಕ್ಕು ಹದಿಹರೆಯದ ಹತ್ತು ಮಂದಿ ಸತ್ತರು. ಆ ದುಃಖದ ಬಿಸಿಯಲ್ಲಿ ಕೆರ್ ಕೌಂಟಿಯ ಮೇಲ್ದಂಡೆಯಲ್ಲಿ ನೀರಿನ ಮಟ್ಟ ಅಳೆದು ರೇಡಿಯೊ ಮೂಲಕ ತಿಳಿಸುವ ಮಾಪಕಗಳನ್ನು ಹಾಕಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವು ಹಳತಾದವು, ಕೆಲವು ಸುದ್ದಿ ಕಳಿಸುವುದನ್ನೇ ಬಿಟ್ಟವು. ನಂಬುವಂತಿಲ್ಲವೆಂದು 1999ರಲ್ಲಿ ಅದನ್ನು ನಿಲ್ಲಿಸಲಾಯಿತು. 2015ರ ಪ್ರವಾಹದಲ್ಲಿ ಟೆಕ್ಸಾಸಿನ ಇನ್ನೊಂದು ಊರು ನಲುಗಿದ ಮೇಲೆ ಸೈರನ್ ಮಾತು ಮತ್ತೆ ಬಂತು. ಖರ್ಚಿನ ಅಂದಾಜು ಸುಮಾರು ಹತ್ತು ಲಕ್ಷ ಡಾಲರ್. ಇಷ್ಟು ಹಣ ಏಕೆ ಎಂದರು ಕೆಲವರು. ನಡುರಾತ್ರಿ ಈ ಸದ್ದು ಬೇಕೇ ಎಂದರು ಇನ್ನು ಕೆಲವರು. ಅನುದಾನಕ್ಕೆ ಹಾಕಿದ ಅರ್ಜಿಗೆ ಹಣ ಬರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಕಂಫರ್ಟ್‌ನ ಸ್ವಯಂಸೇವಕ ಅಗ್ನಿಶಾಮಕ ದಳದವರು ಹತ್ತು ಲಕ್ಷದ ಯೋಜನೆಗೆ ಕಾಯಲಿಲ್ಲ. ಠಾಣೆಯ ಹಳೆಯ ಸೈರನ್ನನ್ನು ರಿಪೇರಿ ಮಾಡಿ ಊರಿನ ನಡುವಿನ ಪಾರ್ಕಿಗೆ ಸಾಗಿಸಿದರು. ಪಕ್ಕದ ತೊರೆಯ ನೀರು ಇಂತಿಷ್ಟು ಏರಿದರೆ ತಾನೇ ಕೂಗುವಂತೆ ಅದನ್ನು ಭೂವಿಜ್ಞಾನ ಸರ್ವೇಕ್ಷಣೆಯ ಮಾಪಕಕ್ಕೆ ಜೋಡಿಸಿದರು. ಠಾಣೆಗೆ ಹೊಸದೊಂದು ಬಂತು. ಒಂದಿಷ್ಟು ಅನುದಾನ, ಒಂದಿಷ್ಟು ಕೌಂಟಿಯ ಹಣ, ದಳದ ಸ್ವಂತ ಹಣ, ಕಂಬ ಕೊಟ್ಟದ್ದು ಸ್ಥಳೀಯ ವಿದ್ಯುತ್ ಸಂಸ್ಥೆ. ಒಟ್ಟು ಖರ್ಚು 50-60 ಸಾವಿರ ಡಾಲರ್‌ಗಳ ಆಸುಪಾಸು. 2024ರಲ್ಲಿ ಕೆಲಸ ಮುಗಿಯಿತು. ಆಮೇಲೆ ತಿಂಗಳುಗಟ್ಟಲೆ ಊರಿಗೆ ಪಾಠ ಹೇಳಿದರು. ಮಧ್ಯಾಹ್ನ ಹನ್ನೆರಡರ ಕೂಗು ಪರೀಕ್ಷೆ, ಬೇರೆ ಹೊತ್ತಿನಲ್ಲಿ ಕೇಳಿದರೆ ಏನೆಂದು ವಿಚಾರಿಸಿ ಎಂದು. ಊರೂಟದ ಹಣದಲ್ಲಿ ಸೈರನ್ ಸಾಕುತ್ತಿದ್ದ ಹಳೆಯ ಕ್ರಮಕ್ಕೆ ಇದು ತೀರ ಹತ್ತಿರ. 2025ರ ದುರಂತದ ಬಳಿಕ ಟೆಕ್ಸಾಸ್ ಶಾಸನಸಭೆ ಪ್ರವಾಹ ಪ್ರದೇಶದ ಸೈರನ್‌ಗಳಿಗೆ ಕಾನೂನು ಮಾಡಿ 5 ಕೋಟಿ ಡಾಲರ್ ತೆಗೆದಿರಿಸಿತು. ಊರು ಉರುಳಿದ ಮೇಲೆ ಕಂಬ ಏಳುವ ಕ್ರಮ ಇಲ್ಲೂ ತಪ್ಪಲಿಲ್ಲ. 2035ರಲ್ಲಿ ಆ ಬ್ಯಾಟರಿಗಳನ್ನು ಬದಲಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ.

ಈ ಪ್ರಶ್ನೆ ನಮಗೂ ದೂರದ್ದಲ್ಲ. ಒಡಿಶಾದ ಆರು ಕರಾವಳಿ ಜಿಲ್ಲೆಗಳಲ್ಲಿ ಚಂಡಮಾರುತದ ಎಚ್ಚರಿಕೆಗೆ 122 ಸೈರನ್ ಗೋಪುರಗಳು ವಿಶ್ವಬ್ಯಾಂಕಿನ ನೆರವಿನಿಂದ ಎದ್ದಿವೆ. 2025ರ ಮೇ 7ರಂದು ದೇಶದಾದ್ಯಂತ ಪೌರ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನ 35 ಸೈರನ್‌ಗಳಲ್ಲಿ 32 ಕೆಲಸ ಮಾಡುತ್ತಿವೆ ಎಂದು ಅಧಿಕಾರಿಗಳು ತಿಳಿಸಿದರು. ಲೆಕ್ಕ ತೆಗೆಯಲು ಯುದ್ಧದ ಸದ್ದೇ ಬೇಕಾಯಿತು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಊರು ಕಾಯುವ ತಳವಾರನಿಗೂ ಕೆರೆಯ ತೂಬು ನೋಡುವ ನೀರುಗಂಟಿಗೂ ಸುಗ್ಗಿಯ ಕಣದಲ್ಲಿ ಆಯದ ಕಾಳು ಅಳೆದು ಕೊಡುತ್ತಿದ್ದರು. ಕೆಲವೆಡೆ ಇನಾಂ ಜಮೀನೂ ಇತ್ತು. ಜಾತಿಗೆ ಕಟ್ಟಿಹಾಕಿದ ವಂಶಪಾರಂಪರ್ಯದ ಆ ದುಡಿಮೆಯನ್ನು ಯಾರೂ ಹೊಗಳಬೇಕಿಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಅದನ್ನು ಕೊನೆಗೊಳಿಸಿದ್ದು ಒಳ್ಳೆಯದೇ. ಆದರೆ ಆ ಲೆಕ್ಕದಲ್ಲಿ ಒಂದು ತಿಳಿವಳಿಕೆಯಿತ್ತು. ಕೆರೆ ಒಡೆದ ವರ್ಷ ಮಾತ್ರ ಆಯ ಅಳೆಯುತ್ತಿರಲಿಲ್ಲ. ಒಡೆಯದ ವರ್ಷವೂ ಅಳೆಯುತ್ತಿದ್ದರು. ಯಾಕೆಂದರೆ ಏನೂ ಆಗದಿದ್ದುದೇ ಕಾದವನ ಕೆಲಸ ಎಂದು ಊರಿಗೆ ಗೊತ್ತಿತ್ತು.